ಮನೆಯಂಗಳಕ್ಕೊಂದು ಮೇಪಲ್

(ನಮ್ಮ ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಯುಗಾದಿಯಂತಹ ಹಬ್ಬದ ದಿನ ಅತಿಥಿ ಉಪನ್ಯಾಸವೆಂದರೆ ಸಾಹಿತ್ಯವನ್ನೋ ಸಂಗೀತವನ್ನೋ ಕುರಿತದ್ದಾಗಿರಬೇಕೆಂದು ತಾವು ನಿರೀಕ್ಷಿಸುವುದು ಸಹಜ. ಆದರೆ ಈ ಬಾರಿ ಮರವೊಂದರ ವಿಷಯವಾಗಿ ಮಾತನಾಡಬೇಕೆಂದು ಸಮಿತಿಯವರು ಕೇಳಿಕೊಂಡರು. ಏಕೆಂದರೆ ವಸಂತ ಬಂತೆಂದರೆ ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯದ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: "ಮನೆಯ ಮುಂದೆ ಯಾವ ಮರ ಹಾಕೋಣ?" ಆ ಪ್ರಶ್ನೆಗೆ ನೂರಕ್ಕೆ ಐವತ್ತು ಮಂದಿಯಾದರೂ ಕೊಡುವ ಉತ್ತರ ಮೇಪಲ್. ಉತ್ತರವೇನೋ ಸರಿಯೆ. ಆದರೆ ಯಾವ ಮೇಪಲ್, ಎಲ್ಲಿ, ಹೇಗೆ ಎಂಬ ಮೂರು ಪ್ರಶ್ನೆಗಳು ಆ ಉತ್ತರದ ಬೆನ್ನಿಗೇ ನಿಂತಿರುತ್ತವೆ. ಅವನ್ನು ಕೇಳದೆ ನೆಟ್ಟವರು ಹತ್ತು ಹದಿನೈದು ವರ್ಷಗಳ ನಂತರ ಮರ ಕಡಿಯುವವರನ್ನು ಕರೆಸಿ ಸಾವಿರಾರು ಡಾಲರು ತೆರಬೇಕಾಗುತ್ತದೆ. ಆದುದರಿಂದ ಈ ಮೂರು ಪ್ರಶ್ನೆಗಳನ್ನು ಕ್ರಮವಾಗಿ ತಮ್ಮ ಮುಂದಿಡಲು ಯತ್ನಿಸುತ್ತೇನೆ.

ಮರದ ಕುಲಗೋತ್ರ

ಮೇಪಲ್ ಎಂಬುದು ಒಂದು ಮರವಲ್ಲ, ಒಂದು ಕುಲ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಏಸರ್ ಎಂದು ಹೆಸರು. ಭೂಗೋಳದ ಉತ್ತರಾರ್ಧದಲ್ಲಿ ಹರಡಿರುವ ಇದರ ಪ್ರಭೇದಗಳು ನೂರಕ್ಕೂ ಹೆಚ್ಚು. ಇವುಗಳಲ್ಲಿ ಅತಿ ಹೆಚ್ಚಿನವು ಚೀನಾ ಮತ್ತು ಜಪಾನ್ ಸೇರಿದ ಪೂರ್ವ ಏಷ್ಯದವು. ನಮ್ಮ ಹಿಮಾಲಯದ ಇಳಿಜಾರುಗಳಲ್ಲಿಯೂ ಮೇಪಲ್‌ಗಳಿವೆ. ಆದರೆ ಕನ್ನಡನಾಡಿನಲ್ಲಿ ಇದು ಸಹಜವಾಗಿ ಬೆಳೆಯುವ ಮರವಲ್ಲ. ಆದಕಾರಣವೇ ಇದಕ್ಕೆ ನಮ್ಮಲ್ಲಿ ಹೆಸರಿಲ್ಲ. ಕಾಶ್ಮೀರದ ಚಿನಾರ್ ಮರವನ್ನು ಕಂಡವರು ಅದನ್ನೇ ಮೇಪಲ್ ಎಂದು ಭಾವಿಸುವುದುಂಟು. ಎಲೆಯ ಆಕಾರದಲ್ಲಿ ಹೋಲಿಕೆಯಿದ್ದರೂ ಅದು ಬೇರೆಯೇ ಕುಲದ ಮರ. ಗುರುತಿಸುವ ಉಪಾಯ ಸುಲಭ: ಮೇಪಲ್‌ನಲ್ಲಿ ಎಲೆಗಳೂ ರೆಂಬೆಗಳೂ ಎದುರುಬದುರಾಗಿ ಜೋಡಿಜೋಡಿಯಾಗಿ ಹುಟ್ಟುತ್ತವೆ. ಚಿನಾರ್ ಆಗಲಿ, ಇಲ್ಲಿನ ಸ್ವೀಟ್‌ಗಮ್ ಆಗಲಿ ಒಂದನ್ನು ಬಿಟ್ಟು ಒಂದರಂತೆ ಎಲೆ ಬಿಡುತ್ತವೆ. ಮೇಪಲ್‌ನ ಜೋಡಿಬೀಜಕ್ಕೆ ಎರಡು ರೆಕ್ಕೆಗಳು. ಮಕ್ಕಳು ಅದನ್ನು ಹೆಲಿಕಾಪ್ಟರ್ ಎಂದು ಕರೆದು ಗಾಳಿಗೆ ತೂರುವುದನ್ನು ತಾವೆಲ್ಲ ಕಂಡಿರುತ್ತೀರಿ.

ಹೆಸರಿಲ್ಲವೆಂದ ಮಾತ್ರಕ್ಕೆ ನಂಟೇ ಇಲ್ಲವೆಂದಲ್ಲ. ಹಿಂದೆ ಮೇಪಲ್‌ಗಳಿಗೆ ಏಸರೇಸಿ ಎಂಬ ಪ್ರತ್ಯೇಕ ಕುಟುಂಬವನ್ನು ಕಲ್ಪಿಸಲಾಗಿತ್ತು. ವಂಶವಾಹಿಗಳ ಅಧ್ಯಯನದಿಂದ ಮೂಡಿದ ಹೊಸ ವರ್ಗೀಕರಣವು 1998ರಿಂದೀಚೆಗೆ ಅವನ್ನು ಸಪಿಂಡೇಸಿ ಕುಟುಂಬಕ್ಕೆ ಸೇರಿಸಿದೆ. ಆ ಕುಟುಂಬದ ಯಜಮಾನ ಯಾರೆಂದು ಬಲ್ಲಿರಾ? ನಮ್ಮ ಅಜ್ಜಿಯರು ತಲೆಗೂ ರೇಷ್ಮೆ ಸೀರೆಗೂ ಒಡವೆಗಳಿಗೂ ಬಳಸುತ್ತಿದ್ದ ಅಂಟುವಾಳ! ಮಲೆನಾಡಿನ ಕಾಡುಗಳಲ್ಲಿ ಶಿವರಾತ್ರಿಯ ವೇಳೆಗೆ ಕೆಂಡದಂತೆ ಚಿಗುರುವ ಸಾಗಡೆ ಮರವೂ ಇದೇ ಕುಟುಂಬದ್ದು. ಇನ್ನೂ ಒಂದು ಮೆಟ್ಟಿಲು ಮೇಲೇರಿದರೆ ಸಪಿಂಡೇಲ್ಸ್ ಎಂಬ ಗಣ ಸಿಗುತ್ತದೆ. ಇಂದು ಬೆಳಗ್ಗೆ ಬೆಲ್ಲದೊಡನೆ ಮೆಲ್ಲಬೇಕಾದ ಬೇವು, ಬಾಗಿಲಿಗೆ ಕಟ್ಟಬೇಕಾದ ಮಾವು, ಈ ನಾಡಿನ ಮೇಪಲ್ ಮೂರೂ ಆ ಒಂದೇ ಗಣಕ್ಕೆ ಸೇರಿದವು. ಯುಗಾದಿಯ ದಿನ ಮೇಪಲ್ ಕುರಿತು ಮಾತನಾಡುವುದಕ್ಕೆ ಇದಕ್ಕಿಂತ ಸಮರ್ಥನೆ ಬೇಕಿಲ್ಲವೆಂದುಕೊಂಡಿದ್ದೇನೆ.

ಬಣ್ಣದ ಬಗೆ

ಮೇಪಲ್ ಮರವನ್ನು ನಾವು ಬಯಸುವುದು ಅದರ ಶರತ್ಕಾಲದ ಬಣ್ಣಕ್ಕಾಗಿ. ಈ ಬಣ್ಣ ಬರುವುದು ಹೇಗೆಂಬುದನ್ನು ತಿಳಿದರೆ ಮರದ ಆಯ್ಕೆಯೂ ಸುಲಭವಾಗುತ್ತದೆ. ಬೇಸಗೆಯುದ್ದಕ್ಕೂ ಎಲೆಯಲ್ಲಿ ಪತ್ರಹರಿತ್ತು ಮೇಲುಗೈಯಾಗಿರುತ್ತದೆ. ಹಗಲು ಕುಗ್ಗಿ ಚಳಿ ಸಮೀಪಿಸಿದಾಗ ಮರವು ಅದನ್ನು ಒಡೆದು, ಅದರಲ್ಲಿನ ಸಾರಜನಕವನ್ನು ರೆಂಬೆಗೂ ಬೇರಿಗೂ ಹಿಂದೆಗೆದುಕೊಳ್ಳುತ್ತದೆ. ಹಸುರು ಸರಿದಾಗ ಅದರ ಅಡಿಯಲ್ಲಿ ಮೊದಲಿನಿಂದಲೂ ಇದ್ದ ಹಳದಿ ಮತ್ತು ಕಿತ್ತಳೆ ಬಣ್ಣಗಳು ಹೊರಗೆ ಕಾಣುತ್ತವೆ. ಕೆಂಪಿನ ಕಥೆ ಬೇರೆ. ಆಂಥೋಸಯನಿನ್ ಎಂಬ ಕೆಂಪು ವರ್ಣದ್ರವ್ಯವನ್ನು ಎಲೆಯು ತನ್ನ ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಿಸುತ್ತದೆ. ಅದಕ್ಕೆ ಎಲೆಯಲ್ಲಿ ಸಕ್ಕರೆ ಇರಬೇಕು, ಬಿಸಿಲೂ ಇರಬೇಕು. ಹಗಲು ನಿರ್ಮಲವಾದ ಬಿಸಿಲು, ರಾತ್ರಿ ಹಿಮಗಟ್ಟದಷ್ಟು ತಂಪು, ಇವೆರಡೂ ಕೂಡಿಬಂದ ವರ್ಷ ಕೆಂಪು ಅತ್ಯಂತ ಉಜ್ಜ್ವಲವಾಗಿರುತ್ತದೆ. ಮೋಡ ಕವಿದ ಬೆಚ್ಚನೆಯ ಅಕ್ಟೋಬರ್ ಬಂದರೆ ಬಣ್ಣ ಮಂಕಾಗುತ್ತದೆ.

ಊರಿನಲ್ಲಿ ಮಾವಿನ ಎಳೆಯ ಚಿಗುರು ಕೆಂದಾಮ್ರವರ್ಣದಲ್ಲಿ ಹೊಳೆಯುವುದೂ ಇದೇ ಆಂಥೋಸಯನಿನ್ ಗುಂಪಿನ ದ್ರವ್ಯಗಳಿಂದಲೇ. ನಮ್ಮ ನಾಡಿನಲ್ಲಿ ಮರ ಹುಟ್ಟಿನ ವೇಳೆಯಲ್ಲಿ ಕೆಂಪನ್ನುಡುತ್ತದೆ. ಈ ನಾಡಿನಲ್ಲಿ ಬೀಳ್ಕೊಡುವ ವೇಳೆಯಲ್ಲಿ ಉಡುತ್ತದೆ. ಇದರಿಂದ ನಾವು ಪಡೆಯಬೇಕಾದ ಪಾಠವಿಷ್ಟು: ದಟ್ಟ ನೆರಳಿನಲ್ಲಿ ನೆಟ್ಟ ಮೇಪಲ್ ಎಷ್ಟೇ ಪ್ರಸಿದ್ಧ ತಳಿಯದಾದರೂ ಕೆಂಪೇರುವುದಿಲ್ಲ.

ನೆಡಬಾರದ ಮರಗಳು

ಆಯ್ಕೆಯ ವಿಷಯಕ್ಕೆ ಬರುವಾಗ ಬೇಡದವುಗಳಿಂದ ಆರಂಭಿಸುವುದೇ ಲೇಸು. ಮೊದಲನೆಯದು ನಾರ್ವೆ ಮೇಪಲ್. ಯೂರೋಪಿನ ಈ ಮರವನ್ನು 18ನೆಯ ಶತಮಾನದ ನಡುಭಾಗದಲ್ಲಿ ಅಮೆರಿಕಕ್ಕೆ ತರಿಸಿದವರು ನಮ್ಮ ನೆರೆಯ ಫಿಲಡೆಲ್ಫಿಯಾದ ಸಸ್ಯಸಂಗ್ರಾಹಕ ಜಾನ್ ಬಾರ್ಟ್ರಂ. ಇಪ್ಪತ್ತನೆಯ ಶತಮಾನದಲ್ಲಿ ಡಚ್ ಎಲ್ಮ್ ರೋಗದಿಂದ ಬೀದಿಬೀದಿಯ ಎಲ್ಮ್ ಮರಗಳು ಸತ್ತಾಗ, ಹೊಗೆ ಧೂಳುಗಳನ್ನು ಸಹಿಸುವ ಮರವೆಂದು ಇದನ್ನು ಎಲ್ಲೆಡೆ ನೆಟ್ಟರು. ಕ್ರಿಮ್ಸನ್ ಕಿಂಗ್ ಎಂಬ ಕಡುಕೆಂಪು ಎಲೆಯ ತಳಿಯನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ಈ ಮರದ ನೆರಳು ಎಷ್ಟು ಗಾಢವೆಂದರೆ, ಬೇರುಗಳು ಎಷ್ಟು ಮೇಲ್ಮಟ್ಟದಲ್ಲಿ ಹೆಣೆದುಕೊಂಡಿರುತ್ತವೆ ಎಂದರೆ, ಅದರ ಕೆಳಗೆ ಹುಲ್ಲು ಸಹ ಏಳುವುದಿಲ್ಲ. ಅದಕ್ಕಿಂತ ಮಿಗಿಲಾಗಿ, ಅದರ ಬೀಜಗಳು ಗಾಳಿಯಲ್ಲಿ ಹಾರಿ ಅಕ್ಕಪಕ್ಕದ ಕಾಡನ್ನು ಹೊಕ್ಕು ಅಲ್ಲಿನ ಸಹಜ ಸಸಿಗಳನ್ನು ಅದುಮಿಬಿಡುತ್ತವೆ. ಮ್ಯಾಸಚೂಸೆಟ್ಸ್ ಮತ್ತು ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳು ಅದರ ಮಾರಾಟವನ್ನೇ ನಿಷೇಧಿಸಿವೆ. ಗುರುತು ಹಿಡಿಯಬೇಕಾದರೆ ಎಲೆಯ ತೊಟ್ಟನ್ನು ಮುರಿಯಿರಿ: ಹಾಲಿನಂತಹ ರಸ ಒಸರಿದರೆ ಅದು ನಾರ್ವೆ ಮೇಪಲ್. ಸಕ್ಕರೆ ಮೇಪಲ್‌ನಲ್ಲಿ ಆ ಹಾಲಿಲ್ಲ.

ಎರಡನೆಯದು ಬೆಳ್ಳಿ ಮೇಪಲ್. ಇದು ಈ ನೆಲದ್ದೇ ಮರ. ನದಿಯ ತಗ್ಗುಗಳಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಆದರೆ ಮನೆಯ ಬಳಿ ಸಲ್ಲದು. ಬಹುಬೇಗ ಬೆಳೆಯುವ ಮರದ ಕಾಷ್ಠ ಪೆಳಸು. ಬಿರುಗಾಳಿಗೂ ಮಂಜುಗಟ್ಟಿದ ಭಾರಕ್ಕೂ ಅದರ ಕೊಂಬೆಗಳು ಮೊದಲು ಮುರಿಯುತ್ತವೆ. ಬೇರುಗಳು ಕಾಲುದಾರಿಯನ್ನು ಎತ್ತುತ್ತವೆ, ಹಳೆಯ ಒಳಚರಂಡಿ ಕೊಳವೆಗಳೊಳಗೆ ನುಗ್ಗುತ್ತವೆ. ಮೂರನೆಯದು ಆಮೂರ್ ಮೇಪಲ್. ಚಿಕ್ಕದು, ಶರತ್ತಿನಲ್ಲಿ ಕಡುಗೆಂಪಾಗುವುದು, ಚಳಿಗೆ ಅಂಜದ್ದು. ಆದರೆ ಇದೂ ಹಲವು ಕಡೆಗಳಲ್ಲಿ ಕಾಡಿಗೆ ನುಗ್ಗಿರುವ ಮರ. ಅದಕ್ಕೆ ಬದಲಾಗಿ ಆರಿಸಬಹುದಾದ ಸೊಗಸಾದ ಮರಗಳಿರುವಾಗ ಅದನ್ನೇ ನೆಡುವ ಅಗತ್ಯವಿಲ್ಲ.

ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಕೊಂಡ ಮನೆಯ ಮುಂದೆ ಐವತ್ತು ವರ್ಷದ ನಾರ್ವೆ ಮೇಪಲ್ ಈಗಾಗಲೇ ನಿಂತಿದ್ದರೆ ಏನು ಮಾಡತಕ್ಕದ್ದು? ಬದುಕಿರುವ ಮರವನ್ನು ಕಡಿಸಲು ನಮ್ಮ ಜನಕ್ಕೆ ಕೈಬರುವುದಿಲ್ಲ. ಆ ಹಿಂಜರಿಕೆಯನ್ನು ನಾನು ಗೌರವಿಸುತ್ತೇನೆ. ಆರೋಗ್ಯವಾಗಿರುವ, ಮನೆಗೆ ಅಪಾಯವಿಲ್ಲದ ದೊಡ್ಡ ಮರವನ್ನು ಅವಸರದಿಂದ ಉರುಳಿಸಬೇಕಾಗಿಲ್ಲ. ಅದರ ನೆರಳಿಗೂ ಬೆಲೆಯಿದೆ. ಆದರೆ ಅದರ ಸುತ್ತ ಏಳುವ ಸಸಿಗಳನ್ನು ವರ್ಷವರ್ಷವೂ ಕಿತ್ತುಹಾಕಬೇಕು. ಅದಕ್ಕೆ ವಯಸ್ಸಾಗುವ ಮುನ್ನವೇ ಅದರ ಉತ್ತರಾಧಿಕಾರಿಯನ್ನು ಸ್ವಲ್ಪ ದೂರದಲ್ಲಿ ನೆಟ್ಟಿರಬೇಕು. ಕಾಡಿನ ಅಂಚಿನಲ್ಲಿಯೇ ಮನೆಯಿದ್ದರೆ ಮಾತ್ರ ತೆಗೆಸುವ ವಿಚಾರವನ್ನು ಗಂಭೀರವಾಗಿ ಆಲೋಚಿಸಬೇಕು. ಅಲ್ಲಿ ಒಂದು ಮರವನ್ನು ಉಳಿಸುವ ಕರುಣೆ ನೂರು ಮರಗಳಿಗೆ ಮುಳುವಾಗುತ್ತದೆ.

ದೊಡ್ಡ ಅಂಗಳ, ಚಿಕ್ಕ ಅಂಗಳ

ಅರ್ಧ ಎಕರೆಗೆ ಮೀರಿದ ಜಾಗವಿದ್ದವರು ಈ ನೆಲದ ಎರಡು ಮಹಾವೃಕ್ಷಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಕೆಂಪು ಮೇಪಲ್ ನಲವತ್ತರಿಂದ ಅರವತ್ತು ಅಡಿ ಎತ್ತರಕ್ಕೆ ಬೆಳೆಯುತ್ತದೆ. ಚಳಿಗಾಲ ಇನ್ನೂ ಮುಗಿಯುವ ಮುನ್ನವೇ, ಎಲೆ ಬರುವುದಕ್ಕೆ ಮೊದಲು, ಅದರ ಬರಿಯ ರೆಂಬೆಗಳಲ್ಲಿ ಸಣ್ಣ ಕೆಂಪು ಹೂಗಳು ಕಾಣುತ್ತವೆ. ಈ ನಾಡಿನಲ್ಲಿ ಯುಗಾದಿಯನ್ನು ಸಾರುವ ಮರ ಅದೇ ಎನ್ನಬೇಕು. ತೇವದ ನೆಲವನ್ನೂ ತಾಳುತ್ತದೆ. ಆದರೆ ಹುಳಿಗುಣದ ಮಣ್ಣನ್ನು ಬಯಸುತ್ತದೆ. ಸುಣ್ಣದ ಅಂಶ ಹೆಚ್ಚಿದ್ದರೆ ಮ್ಯಾಂಗನೀಸ್ ಸಿಗದೆ ಎಲೆ ಹಳದಿಯಾಗುತ್ತದೆ. ಅಕ್ಟೋಬರ್ ಗ್ಲೋರಿ, ರೆಡ್ ಸನ್‌ಸೆಟ್ ಎಂಬ ತಳಿಗಳ ಶರತ್ಕಾಲದ ಬಣ್ಣವನ್ನು ನಂಬಬಹುದು.

ಸಕ್ಕರೆ ಮೇಪಲ್ ಇನ್ನೂ ದೊಡ್ಡದು, ನಿಧಾನದ್ದು, ನೂರಾರು ವರ್ಷ ಬಾಳುವುದು. ಬೆಳಗಿನ ದೋಸೆಯ ಮೇಲೆ ನಮ್ಮ ಮಕ್ಕಳು ಸುರಿದುಕೊಳ್ಳುವ ಸಿರಪ್ ಇದರದೇ. ಸುಮಾರು ನಲವತ್ತು ಗ್ಯಾಲನ್ ರಸವನ್ನು ಕಾಯಿಸಿದರೆ ಒಂದು ಗ್ಯಾಲನ್ ಸಿರಪ್ ದೊರೆಯುತ್ತದೆ. ಆದರೆ ರಸ್ತೆಗೆ ಚೆಲ್ಲುವ ಉಪ್ಪನ್ನು ಈ ಮರ ಸಹಿಸದು. ತುಳಿದು ಗಟ್ಟಿಯಾದ ಮಣ್ಣೂ ಸುಡುವ ಬೇಸಗೆಯೂ ಅದಕ್ಕೆ ಒಗ್ಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯು 2023ರಲ್ಲಿ ಪ್ರಕಟಿಸಿದ ಶೀತವಲಯಗಳ ನಕ್ಷೆಯನ್ನು 2012ರ ನಕ್ಷೆಯೊಡನೆ ಹೋಲಿಸಿದರೆ, ದೇಶದ ಸುಮಾರು ಅರ್ಧಭಾಗ ಅರ್ಧವಲಯದಷ್ಟು ಬೆಚ್ಚಗಿನ ಕಡೆಗೆ ಸರಿದಿದೆ. ನೂರು ವರ್ಷ ಬಾಳಬೇಕಾದ ಮರವನ್ನು ಆರಿಸುವಾಗ ಇಂದಿನ ಹವೆಯನ್ನು ಮಾತ್ರ ನೋಡಿದರೆ ಸಾಲದು.

ಈ ದೊಡ್ಡ ಮರಗಳನ್ನು ಮನೆಯಿಂದ ಇಪ್ಪತ್ತು ಮೂವತ್ತು ಅಡಿಯಾದರೂ ದೂರದಲ್ಲಿ, ವಿದ್ಯುತ್ ತಂತಿಗಳ ಕೆಳಗೆ ಬಾರದಂತೆ ನೆಡಬೇಕು. ಅಷ್ಟು ಜಾಗವಿಲ್ಲದವರಿಗೆ ಚಿಕ್ಕ ಮರಗಳೇ ಗತಿ. ಅವು ಸೊಬಗಿನಲ್ಲಿ ದೊಡ್ಡವುಗಳಿಗೆ ಕಡಿಮೆಯೇನಲ್ಲ. ಚೀನಾದ ಪೇಪರ್‌ಬಾರ್ಕ್ ಮೇಪಲ್‌ನ ತೊಗಟೆ ದಾಲ್ಚಿನ್ನಿಯ ಬಣ್ಣದ ತೆಳು ಸುರುಳಿಗಳಾಗಿ ಸುಲಿಯುತ್ತದೆ. ಹಿಮದ ಹಿನ್ನೆಲೆಯಲ್ಲಿ ಅದನ್ನು ನೋಡಿದವರು ಮರೆಯಲಾರರು. ಅರ್ನೆಸ್ಟ್ ವಿಲ್ಸನ್ ಎಂಬ ಸಸ್ಯಾನ್ವೇಷಕ 1901ರಲ್ಲಿ ಅದನ್ನು ಚೀನಾದಿಂದ ಪಶ್ಚಿಮಕ್ಕೆ ತಂದನು. ಅದರ ಬೀಜಗಳಲ್ಲಿ ಬಹುಪಾಲು ಜೊಳ್ಳಾಗಿರುವುದರಿಂದ ಇಂದಿಗೂ ಬೆಲೆ ಹೆಚ್ಚು. ಕೊರಿಯಾದ ಮೇಪಲ್ ಜಪಾನಿನದಕ್ಕಿಂತ ಹೆಚ್ಚು ಚಳಿಯನ್ನು ತಾಳುತ್ತದೆ. ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆಯ ನಮ್ಮ ಬಂಧುಗಳು ಅದನ್ನು ಪರಿಶೀಲಿಸಬಹುದು.

ಜಪಾನಿನ ಹಸ್ತಪತ್ರ

ಇನ್ನು ತಾವೆಲ್ಲರೂ ಕಾಯುತ್ತಿರುವ ಜಪಾನೀ ಮೇಪಲ್. 1775-76ರಲ್ಲಿ ಜಪಾನಿನಲ್ಲಿದ್ದ ಸ್ವೀಡನ್ನಿನ ವೈದ್ಯ ಥುನ್‌ಬರ್ಗ್ ಇದಕ್ಕೆ ಏಸರ್ ಪಾಮೇಟಮ್ ಎಂದು ಹೆಸರಿಟ್ಟನು. ಹಸ್ತದಂತಹ ಎಲೆಯುಳ್ಳದ್ದು ಎಂದು ಅರ್ಥ. ಜಪಾನೀಯರು ಕಂಡದ್ದೂ ಕೈಯನ್ನೇ, ಆದರೆ ಕಪ್ಪೆಯ ಕೈಯನ್ನು: ಅವರ ಕಾಏದೆ ಎಂಬ ಹೆಸರು ಕಪ್ಪೆಯ ಕೈ ಎಂಬ ಮಾತಿನಿಂದ ಬಂದದ್ದು. ಶರತ್ಕಾಲದಲ್ಲಿ ಕೆಂಪೆಲೆಗಳನ್ನು ನೋಡಲೆಂದೇ ಯಾತ್ರೆ ಹೋಗುವ ಸಂಪ್ರದಾಯ ಅವರಲ್ಲಿದೆ. ಎದೋ ಕಾಲದಿಂದ ಅವರು ಆರಿಸಿ ಬೆಳೆಸಿದ ತಳಿಗಳ ಪರಂಪರೆ ಇಂದು ಸಾವಿರವನ್ನು ಮೀರಿದೆ.

ಸಾವಿರದ ಕಾಡಿನಲ್ಲಿ ದಾರಿ ತಪ್ಪದಿರಲು ಇವನ್ನು ಎರಡು ವರ್ಗಗಳಾಗಿ ನೆನಪಿಟ್ಟರೆ ಸಾಕು. ಮೊದಲನೆಯವು ನೆಟ್ಟಗೆ ಬೆಳೆಯುವಂಥವು, ಹದಿನೈದರಿಂದ ಇಪ್ಪತ್ತೈದು ಅಡಿ ಎತ್ತರದವು. ಬ್ಲಡ್‌ಗುಡ್ ಬೇಸಗೆಯಲ್ಲಿಯೂ ಕಡುಗೆಂಪಾಗಿರುತ್ತದೆ. ಓಸಾಕಾಝುಕಿ ಬೇಸಗೆಯಲ್ಲಿ ಹಸುರಾಗಿದ್ದು ಶರತ್ತಿನಲ್ಲಿ ಉರಿಯುವ ಕೆಂಪಾಗುತ್ತದೆ. ಶರತ್ಕಾಲದ ಬಣ್ಣಕ್ಕೆ ಅದನ್ನು ಮೀರಿಸುವ ತಳಿ ಅಪರೂಪ. ಸಾಂಗೋಕಾಕು ಎಲೆ ಉದುರಿದ ಮೇಲೆ ಹವಳದ ಬಣ್ಣದ ರೆಂಬೆಗಳಿಂದ ಚಳಿಗಾಲವನ್ನು ಬೆಳಗುತ್ತದೆ. ಎರಡನೆಯವು ಕಸೂತಿಯಂತೆ ಸೀಳಿದ ಎಲೆಗಳ, ಜಡೆ ಇಳಿಬಿಟ್ಟಂತೆ ಬಾಗುವ ಗಿಡಗಳು. ಕ್ರಿಮ್ಸನ್ ಕ್ವೀನ್, ತಮುಕೆಯಾಮಾ ಮುಂತಾದವು ಆರರಿಂದ ಹತ್ತು ಅಡಿ ಎತ್ತರಕ್ಕೇರಿ, ಅದಕ್ಕಿಂತ ಹೆಚ್ಚು ಅಗಲಕ್ಕೆ ಹರಡುತ್ತವೆ. ಅಂಗಡಿಯಲ್ಲಿ ಮೂರಡಿಯ ಗಿಡವನ್ನು ಕಂಡು ಬಾಗಿಲ ಮೆಟ್ಟಿಲಿಗೆ ಅಂಟಿಸಿ ನೆಟ್ಟರೆ, ಇಪ್ಪತ್ತು ವರ್ಷಗಳ ಮೇಲೆ ಮರ ಬೇಕೋ ಮೆಟ್ಟಿಲು ಬೇಕೋ ಎಂಬ ಪ್ರಶ್ನೆ ಬರುತ್ತದೆ.

ಈ ಮರಕ್ಕೆ ಐದರಿಂದ ಎಂಟನೆಯ ವಲಯದವರೆಗಿನ ಚಳಿ ಒಗ್ಗುತ್ತದೆ. ನ್ಯೂಜೆರ್ಸಿಯ ಬಹುಭಾಗ ಆರು ಮತ್ತು ಏಳನೆಯ ವಲಯದಲ್ಲಿರುವುದರಿಂದ ಚಳಿಯ ಭಯ ನಮಗಿಲ್ಲ. ಭಯವಿರುವುದು ಜುಲೈ ತಿಂಗಳ ಮಧ್ಯಾಹ್ನದ ಬಿಸಿಲಿನದು, ಬಿಸಿಗಾಳಿಯದು, ಏಪ್ರಿಲ್ ಕೊನೆಯ ಅಕಾಲದ ಹಿಮದ್ದು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಮನೆಯ ಪೂರ್ವ ದಿಕ್ಕು ಇದಕ್ಕೆ ಅತ್ಯುತ್ತಮ. ಇದು ವಾಸ್ತುವಿನ ಮಾತಲ್ಲ, ಬಿಸಿಲಿನ ಮಾತು! ಎಲೆಯಂಚು ಸುಟ್ಟಂತಾದರೆ ಗಾಬರಿಯಾಗಬೇಡಿ. ಅದು ಬಹುತೇಕ ರೋಗವಲ್ಲ, ಬಾಯಾರಿಕೆ.

ಅಪಾರ್ಟ್‌ಮೆಂಟಿನಲ್ಲಿರುವವರೂ ನಿರಾಶರಾಗಬೇಕಿಲ್ಲ. ಚಿಕ್ಕ ತಳಿಗಳು ದೊಡ್ಡ ಕುಂಡದಲ್ಲಿ ಅನೇಕ ವರ್ಷ ಬಾಳುತ್ತವೆ. ಆದರೆ ಕುಂಡದ ಬೇರಿಗೆ ನೆಲದ ರಕ್ಷಣೆ ಇಲ್ಲದ್ದರಿಂದ ತೀವ್ರ ಚಳಿಯಲ್ಲಿ ಅದನ್ನು ಬಿಸಿ ಮಾಡದ ಗರಾಜಿನಲ್ಲಿರಿಸಬೇಕು. ತುಳಸಿ, ಕರಿಬೇವು, ಮಲ್ಲಿಗೆಗಳನ್ನು ನಾವು ಬೆಚ್ಚಗಿನ ಕೋಣೆಯೊಳಗೆ ತಂದಿಟ್ಟುಕೊಳ್ಳುವಂತೆ ಇದನ್ನು ತರಕೂಡದು. ಇದಕ್ಕೆ ಚಳಿಗಾಲದ ನಿದ್ರೆ ಅತ್ಯಗತ್ಯ.

ಕೊಳ್ಳುವಾಗ

ಎಲೆ ಕೆಂಪಾಗಿರುವ ಅಕ್ಟೋಬರಿನಲ್ಲಿ ಮರಗಳನ್ನು ನೋಡಿಬನ್ನಿ. ಫಿಲಡೆಲ್ಫಿಯಾದ ಮಾರಿಸ್ ಆರ್ಬೊರೇಟಂ, ಫೇರ್‌ಮೌಂಟ್ ಉದ್ಯಾನದ ಶೋಫುಸೊ ಎಂಬ ಜಪಾನೀ ಮನೆಯ ತೋಟ, ಕೆನೆಟ್ ಸ್ಕ್ವೇರಿನ ಲಾಂಗ್‌ವುಡ್ ಗಾರ್ಡನ್ಸ್, 1915ರಲ್ಲಿ ತೆರೆದ ಬ್ರೂಕ್ಲಿನ್ ಸಸ್ಯೋದ್ಯಾನದ ಜಪಾನೀ ವಿಭಾಗ, ಇವುಗಳಲ್ಲಿ ಯಾವುದಾದರೂ ಒಂದು ನಮ್ಮೆಲ್ಲರಿಗೂ ಒಂದೆರಡು ಗಂಟೆಯ ದಾರಿ. ಪೂರ್ಣ ಬೆಳೆದ ಮರದ ಗಾತ್ರವನ್ನು ಕಣ್ಣಾರೆ ಕಂಡ ಬಳಿಕವೇ ಕೊಳ್ಳುವುದು ಜಾಣತನ.

ನರ್ಸರಿಯಲ್ಲಿ ಚೀಟಿಯನ್ನು ಓದಿರಿ. ಹೆಸರಿನ ತಳಿಗಳೆಲ್ಲ ಸಾಮಾನ್ಯವಾಗಿ ಕಸಿ ಮಾಡಿದವು. "ಕೆಂಪು ಜಪಾನೀ ಮೇಪಲ್" ಎಂದಷ್ಟೇ ಬರೆದ ಅಗ್ಗದ ಗಿಡ ಬೀಜದಿಂದ ಎದ್ದದ್ದಿರಬಹುದು. ಊರಿನಲ್ಲಿ ಬಾದಾಮಿ ಮಾವಿನ ಗೊರಟೆ ನೆಟ್ಟರೆ ಅದೇ ಹಣ್ಣು ಬರುವ ಭರವಸೆಯಿಲ್ಲವಷ್ಟೆ, ಇದೂ ಹಾಗೆಯೆ. ಕಸಿಗಂಟಿನ ಕೆಳಗಿನಿಂದ ಹಸುರು ಚಿಗುರು ಎದ್ದರೆ ಕೂಡಲೇ ಬುಡದಿಂದ ತೆಗೆಯಬೇಕು. ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಆ ಕಾಡುಚಿಗುರು ಕಸಿಯನ್ನು ನುಂಗುತ್ತದೆ. ಕುಂಡದಲ್ಲಿ ಬೇರುಗಳು ಕಾಂಡವನ್ನು ಸುತ್ತಿಕೊಂಡಿರುವ ಗಿಡವನ್ನು ಬಿಟ್ಟುಬಿಡಿ. ದೊಡ್ಡ ಮರವನ್ನೇ ತಂದು ನೆಡುವ ಆತುರವೂ ಬೇಡ. ಕಾಂಡದ ದಪ್ಪ ಇಂಚಿಗೆ ಒಂದು ವರ್ಷದಂತೆ ಮರ ಹೊಸ ನೆಲದಲ್ಲಿ ಬೇರೂರಲು ಕಾಲ ಹಿಡಿಯುತ್ತದೆ. ಮೂರಿಂಚಿನ ಮರ ಸುಧಾರಿಸಿಕೊಳ್ಳುವಷ್ಟರಲ್ಲಿ ಒಂದಿಂಚಿನದು ಅದರ ಸಮಕ್ಕೆ ಬರುತ್ತದೆ.

ನೆಡುವ ಕ್ರಮ

ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ನೆಡಲು ಯೋಗ್ಯ ಕಾಲ. ಅಗೆಯುವ ಕೆಲವು ದಿನ ಮೊದಲು 811 ಸಂಖ್ಯೆಗೆ ದೂರವಾಣಿ ಮಾಡಿ. ಅನಿಲ, ವಿದ್ಯುತ್ತಿನ ಮಾರ್ಗಗಳನ್ನು ಉಚಿತವಾಗಿ ಗುರುತು ಮಾಡಿಸಿಕೊಡುತ್ತಾರೆ. ಮಣ್ಣನ್ನು ಪರೀಕ್ಷೆಗೆ ಕಳುಹಿಸಿ. 1914ರ ಸ್ಮಿತ್-ಲೀವರ್ ಕಾಯಿದೆಯ ಫಲವಾಗಿ ಪ್ರತಿ ರಾಜ್ಯದ ವಿಶ್ವವಿದ್ಯಾನಿಲಯಕ್ಕೂ ಕೃಷಿ ವಿಸ್ತರಣಾ ಸೇವೆಯಿದೆ. ನಮಗೆ ರಟ್ಗರ್ಸ್ ಮತ್ತು ಪೆನ್ ಸ್ಟೇಟ್. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯಕ್ಕೂ ಇಂತಹ ವಿದ್ಯಾಸಂಸ್ಥೆಗಳೇ ಮಾದರಿಯಾಗಿದ್ದವು. ತೆರಿಗೆ ಕೊಡುವ ನಾವು ಈ ಸೇವೆಯನ್ನು ಬಳಸಿಕೊಳ್ಳದಿರುವುದು ವಿಷಾದದ ಸಂಗತಿ.

ಗುಂಡಿ ಅಗಲವಾಗಿರಲಿ, ಆಳವಾಗಿರಬಾರದು. ಬೇರಿನ ಮುದ್ದೆಯ ಎರಡು ಮೂರು ಪಟ್ಟು ಅಗಲ, ಅದರ ಎತ್ತರದಷ್ಟೇ ಆಳ. ಕಾಂಡ ಅಗಲವಾಗಿ ಬೇರಾಗುವ ತಿರುವು ನೆಲದ ಮೇಲೆ ಕಣ್ಣಿಗೆ ಕಾಣುತ್ತಿರಬೇಕು. ಮೇಪಲ್‌ಗಳ ಅಕಾಲ ಮರಣಕ್ಕೆ ಅತಿ ಸಾಮಾನ್ಯ ಕಾರಣಗಳಲ್ಲೊಂದು ಆಳಕ್ಕೆ ನೆಡುವುದು. ಆಳಕ್ಕಿಳಿದ ಮರದ ಬೇರುಗಳು ಉಸಿರಿಗಾಗಿ ಮೇಲೇರಿ, ಕಾಂಡವನ್ನೇ ಸುತ್ತಿ, ಹಗ್ಗದಂತೆ ಬಿಗಿದು, ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಕೊಲ್ಲುತ್ತವೆ. ಅಗೆದ ಮಣ್ಣನ್ನೇ ಹಿಂದಕ್ಕೆ ತುಂಬಿ. ಗುಂಡಿಗೆ ಗೊಬ್ಬರ ಸುರಿಯುವ ನಮ್ಮ ಅಭ್ಯಾಸ ಇಲ್ಲಿ ಬೇಡ. ಗುಂಡಿಯೊಳಗೆ ಸುಖ ಕಂಡ ಬೇರು ಹೊರಗೆ ಹೋಗಲು ಒಪ್ಪುವುದಿಲ್ಲ.

ಮೇಲೆ ಎರಡು ಮೂರು ಇಂಚು ಮರದ ಚೂರಿನ ಹೊದಿಕೆ, ಅಂದರೆ ಮಲ್ಚ್ ಹರಡಿ. ಆದರೆ ಕಾಂಡಕ್ಕೆ ತಾಗದಂತೆ ಸುತ್ತ ಬಯಲು ಬಿಡಿ. ಊರೂರಿನ ವಸತಿಗಳಲ್ಲಿ ಗುತ್ತಿಗೆದಾರರು ಬುಡಕ್ಕೆ ಹುತ್ತದಂತೆ ರಾಶಿ ಹಾಕುವುದನ್ನು ಅನುಕರಿಸಬೇಡಿ. ಅದು ತೊಗಟೆಯನ್ನು ಕೊಳೆಸುತ್ತದೆ, ಇಲಿಗಳಿಗೆ ಮನೆಯಾಗುತ್ತದೆ.

ಪಾಲನೆ

ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಾಲುಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಆ ದಂಪತಿಗಳ ಹಿರಿಮೆ ಇರುವುದು ನೆಟ್ಟದ್ದರಲ್ಲಿ ಅಲ್ಲ, ವರ್ಷಗಟ್ಟಲೆ ಕೊಡಗಳಲ್ಲಿ ನೀರು ಹೊತ್ತದ್ದರಲ್ಲಿ. ನಮಗೆ ಕೊಳವೆಯ ನೀರು ಅಂಗಳದಲ್ಲೇ ಇದೆ. ಮೊದಲ ಎರಡು ಮೂರು ಬೇಸಗೆಗಳಲ್ಲಿ ವಾರಕ್ಕೆ ಒಂದಿಂಚು ಮಳೆಗೆ ಸಮನಾದ ನೀರನ್ನು ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಕೊಡಬೇಕು. ಆಗಸ್ಟಿನಲ್ಲಿ ಆರು ವಾರ ಭಾರತಕ್ಕೆ ಹೋಗುವವರು ನೆರೆಯವರಿಗೆ ಈ ಕೆಲಸವನ್ನು ಒಪ್ಪಿಸಿ ಹೋಗಿ.

ಹೆಚ್ಚು ಸಾರಜನಕದ ಗೊಬ್ಬರ ಬೇಡ. ಹುಲ್ಲಿಗೆ ಹಾಕುವ ಕಳೆನಾಶಕ ಸೇರಿದ ಗೊಬ್ಬರ ಮರದ ಮೇಲ್ಮಟ್ಟದ ಬೇರುಗಳಿಗೂ ತಲುಪುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಕಾಂಡಕ್ಕೆ ತಗಲದಿರಲಿ. ಎಳೆಯ ಮೇಪಲ್‌ನ ತೊಗಟೆ ಬಹಳ ತೆಳು. ಶರತ್ತಿನಲ್ಲಿ ಗಂಡು ಜಿಂಕೆಗಳು ಕೊಂಬುಜ್ಜುವ ಕಡೆಗಳಲ್ಲಿ ಕಾಂಡಕ್ಕೆ ತಂತಿಬಲೆಯ ಬೇಲಿ ಕಟ್ಟಿ. ಸವರುವುದನ್ನು ಎಲೆ ಬಲಿತ ಮೇಲೆ, ಬೇಸಗೆಯಲ್ಲಿ ಮಾಡಿ. ಚಳಿಗಾಲದ ಕೊನೆಯಲ್ಲಿ ಕತ್ತರಿಸಿದರೆ ರಸ ಧಾರೆಯಾಗಿ ಸುರಿಯುತ್ತದೆ. ವಸಂತದಲ್ಲಿ ಒಣಗಿದಂತೆ ಕಾಣುವ ರೆಂಬೆಗಳನ್ನು ಜೂನ್ ನಡುಭಾಗದವರೆಗೆ ಕಾದು ನೋಡಿ. ಅನೇಕ ವೇಳೆ ಮಲಗಿದ್ದ ಮೊಗ್ಗು ತಡವಾಗಿ ಕಣ್ತೆರೆಯುತ್ತದೆ.

ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ಎಚ್ಚರಿಕೆಯೊಂದಿದೆ. ವರ್ಟಿಸಿಲಿಯಂ ಎಂಬ ಮಣ್ಣಿನ ಶಿಲೀಂಧ್ರ ಮೇಪಲ್‌ನ ನೀರ್ನಾಳಗಳನ್ನು ಮುಚ್ಚಿ ಕೊಂಬೆಕೊಂಬೆಯಾಗಿ ಒಣಗಿಸುತ್ತದೆ. ಅದಕ್ಕೆ ಮದ್ದಿಲ್ಲ. ಇದೇ ಶಿಲೀಂಧ್ರ ಬದನೆ, ಟೊಮೇಟೊ, ಆಲೂಗಡ್ಡೆ, ಬೆಂಡೆಗಳನ್ನೂ ಕಾಡುತ್ತದೆ, ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿಯುತ್ತದೆ. ಹಿತ್ತಿಲಿನ ತರಕಾರಿ ಪಾತಿಯಲ್ಲಿ ಬದನೆಗಿಡಗಳು ಕಾರಣ ತಿಳಿಯದೆ ಬಾಡಿದ್ದರೆ ಆ ಜಾಗದಲ್ಲಿ ಎಂದಿಗೂ ಮೇಪಲ್ ನೆಡಬೇಡಿ. ಮೇಪಲ್ ಈ ರೋಗದಿಂದ ಸತ್ತಿದ್ದರೆ ಅಲ್ಲಿ ಪೈನ್, ಸ್ಪ್ರೂಸ್‌ಗಳಂತಹ ಸೂಚಿಪರ್ಣಿ ಮರಗಳನ್ನು ನೆಡಬಹುದು. ಅವಕ್ಕೆ ಈ ರೋಗ ತಗಲದು.

ಇನ್ನೊಂದು ಮಾತು. ಏಷ್ಯದ ನೀಳಮೀಸೆಯ ದುಂಬಿ 1996ರಲ್ಲಿ ಬ್ರೂಕ್ಲಿನ್‌ನಲ್ಲಿ ಪತ್ತೆಯಾಯಿತು. ಅದಕ್ಕೆ ಮೇಪಲ್ ಅತಿ ಪ್ರಿಯ. 2002ರಲ್ಲಿ ನ್ಯೂಜೆರ್ಸಿಗೂ ಬಂದ ಅದನ್ನು ನಿರ್ಮೂಲಗೊಳಿಸಿದೆವೆಂದು ಅಧಿಕಾರಿಗಳು 2013ರಲ್ಲಿ ಘೋಷಿಸುವ ಹೊತ್ತಿಗೆ ಸಾವಿರಾರು ಮರಗಳು ಕೊಡಲಿಗೆ ಬಲಿಯಾಗಿದ್ದವು. ಬೀದಿಯವರೆಲ್ಲರೂ ಒಂದೇ ಮರವನ್ನು ನೆಟ್ಟಾಗ ಒಂದು ಕೀಟಕ್ಕೆ ಇಡೀ ಬೀದಿ ಬರಿದಾಗುತ್ತದೆ. ಎಲ್ಮ್ ಮರಗಳು ಕಲಿಸಿದ ಪಾಠವೂ ಇದೇ. ನೆರೆಮನೆಯಲ್ಲಿ ಮೇಪಲ್ ಇದ್ದರೆ ತಾವು ಓಕ್ ನೆಡುವ ವಿಚಾರ ಮಾಡಿ. ಜಪಾನೀ ಮೇಪಲ್ ಒಂದನ್ನು ಕಣ್ಣಿಗಾಗಿ ನೆಡುವವರು, ಈ ನೆಲದ ಹಕ್ಕಿಗಳಿಗೂ ಅವು ಮರಿಗಳಿಗೆ ಉಣಿಸುವ ಹುಳುಗಳಿಗೂ ಆಶ್ರಯವಾಗುವ ಸ್ಥಳೀಯ ಮರವೊಂದನ್ನೂ ನೆಡಬೇಕೆಂಬುದು ನನ್ನ ವಿನಂತಿ.

ಯಾರಿಗಾಗಿ ಈ ಮರ?

ಕಡೆಯದಾಗಿ, ಹಲವರ ಮನಸ್ಸಿನಲ್ಲಿದ್ದೂ ಬಾಯಿಗೆ ಬಾರದ ಪ್ರಶ್ನೆ. 1965ರ ವಲಸೆ ಕಾಯಿದೆಯ ನಂತರ ಬಂದ ಹಿರಿಯರು ಇಂದು ದೊಡ್ಡ ಮನೆಗಳನ್ನು ಮಾರಿ ಚಿಕ್ಕವುಗಳಿಗೆ ಹೋಗುತ್ತಿದ್ದಾರೆ. ಮಕ್ಕಳು ಬೇರೆ ರಾಜ್ಯಗಳಲ್ಲಿದ್ದಾರೆ. ಹೊಸದಾಗಿ ಬಂದವರಿಗೆ ವೀಸಾದ ಅನಿಶ್ಚಯ. ಅಂತಹವರು ಮೂವತ್ತು ವರ್ಷಕ್ಕೆ ಪೂರ್ಣಗೊಳ್ಳುವ ಮರವನ್ನೇಕೆ ನೆಡಬೇಕು? ನಮ್ಮ ಹಿತ್ತಿಲುಗಳನ್ನು ನೋಡಿದರೆ ಈ ಸಂಶಯ ಅಲ್ಲಿಯೇ ಬರೆದಿದೆ: ಮೆಂತ್ಯ, ಕೊತ್ತಂಬರಿ, ಅವರೆ, ಬದನೆ, ಎಲ್ಲವೂ ಒಂದೇ ಋತುವಿನವು. ಮುಂದಿನ ವರ್ಷ ಇಲ್ಲಿಲ್ಲದಿದ್ದರೂ ನಷ್ಟವಿಲ್ಲದ ಬೆಳೆಗಳು.

ನನ್ನ ಉತ್ತರ ಸರಳವಾದುದು. ನಾವು ಇಂದು ನೆರಳು ಕಾಣುತ್ತಿರುವ ಮರಗಳನ್ನು ನೆಟ್ಟವರೂ ಇಲ್ಲಿಲ್ಲ. ನಮ್ಮ ಮನೆಗಳ ಹಿಂದಿನ ಒಡೆಯರಲ್ಲಿ ಅನೇಕರು ಇಟಲಿ, ಪೋಲೆಂಡ್, ಐರ್ಲೆಂಡುಗಳಿಂದ ಬಂದವರ ಮಕ್ಕಳು. ಅವರು ನಮ್ಮ ಹೆಸರನ್ನೂ ಕೇಳಿದವರಲ್ಲ. ಆದರೂ ಅವರ ನೆರಳಿನಲ್ಲಿ ನಮ್ಮ ಮಕ್ಕಳ ಹುಟ್ಟುಹಬ್ಬಗಳು ನಡೆದಿವೆ. ಇದು ತೀರಿಸಬೇಕಾದ ಋಣ. ಅದನ್ನು ಕೊಟ್ಟವರಿಗೇ ಹಿಂದಿರುಗಿಸಲಾಗದು, ಮುಂದೆ ಬರುವವರಿಗೆ ಕೊಡಬಹುದು. ಊರಿನಲ್ಲಿ ಅರಳೀಕಟ್ಟೆಗಳನ್ನು ಕಟ್ಟಿಸಿದವರೂ ಹೀಗೆಯೇ ಎಣಿಸಿರಬೇಕು. ವೀಸಾ ಐದು ವರ್ಷದ್ದೇ ಇರಲಿ, ಸರಿಯಾದ ಮರವನ್ನು ಸರಿಯಾದ ಜಾಗದಲ್ಲಿ ನೆಡಲು ಅಷ್ಟು ಕಾಲ ಧಾರಾಳವಾಗಿ ಸಾಕು. ಮರ ಬೇರೂರುವುದಕ್ಕೆ ಬೇಕಾದದ್ದು ಮೊದಲ ಮೂರು ವರ್ಷದ ನೀರು ಮಾತ್ರ.

ಮುಂದಿನ ವಾರ ಮಕ್ಕಳನ್ನು ಕರೆದುಕೊಂಡು ನರ್ಸರಿಗೆ ಹೋಗಿ. ಅಳತೆ ಪಟ್ಟಿಯನ್ನು ಮರೆಯದೆ ಜೊತೆಯಲ್ಲಿ ಒಯ್ಯಿರಿ.